ದಿನವಿಡೀ ಗ್ಲೌಸ್ ಹಾಕಿಕೊಂಡು ಅಂಗಡಿಯಲ್ಲಿ ಕೂರುತ್ತಿದ್ದೇನೆ, ಇದರಿಂದ ಉಪಯೋಗವಿದೆಯೇ?

ಗಲ್ಲಾಪೆಟ್ಟಿಗೆ (ಶಿರಸಿ ಸೀಮೆ), 2020 ಜುಲೈ 21

ನಮಸ್ಕಾರ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಪಕ್ಕದ ಊರೊಂದರಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ದಿನಸಿ ಅಂಗಡಿಗಳಿಗೆ ವಿನಾಯಿತಿ ಇತ್ತಲ್ಲ, ಆಗ ಹಾಕಿಕೊಂಡ ಗ್ಲೌಸ್ ಇಂದಿಗೂ ಬಿಟ್ಟಿಲ್ಲ. ಬೆಳಿಗ್ಗೆ ಏಳಕ್ಕೆ ಹಾಕಿದರೆ ತೆಗೆಯುವುದು ಮಧ್ಯಾಹ್ನದ ಊಟಕ್ಕೆ. ಊಟವಾದ ಮೇಲೆ ಅದೇ ಜೊತೆಯನ್ನು ಮತ್ತೆ ಏರಿಸಿದರೆ ರಾತ್ರಿ ಬಾಗಿಲು ಹಾಕುವವರೆಗೆ. ನಡುನಡುವೆ ಅದರ ಮೇಲೆಯೇ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತೇನೆ.

ತೊಂದರೆ ಎರಡು. ಒಂದು, ಕೈಯ ಸ್ಥಿತಿ. ಒಳಗೆ ಬೆವರು, ಹೊರಗೆ ಈ ಮಳೆ. ತೆಗೆದಾಗ ಬೆರಳುಗಳು ನೆನೆಹಾಕಿದ ಕಡಲೆಬೇಳೆಯ ಹಾಗೆ ಬೆಳ್ಳಗೆ ಉಬ್ಬಿರುತ್ತವೆ. ಬೆರಳ ಸಂದಿಯಲ್ಲಿ ಸಿಪ್ಪೆ ಏಳುತ್ತಿದೆ, ರಾತ್ರಿ ತುರಿಕೆ.

ಎರಡನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ಮೊನ್ನೆ ನೋಟು ಎಣಿಸುವಾಗ ಹಳೆಯ ಅಭ್ಯಾಸದಂತೆ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ. ಗ್ಲೌಸ್ ಸಮೇತ. ರಬ್ಬರಿನ ರುಚಿ ಬಾಯಿಗೆ ಬಂದಾಗಲೇ ಗೊತ್ತಾದದ್ದು. ಅದಕ್ಕೂ ಮೊದಲು ಮಾಸ್ಕ್ ಸರಿಸಿದ್ದೂ ಅದೇ ಕೈಯಲ್ಲಿ. ಎದುರಿಗೆ ನಿಂತಿದ್ದ ಗಿರಾಕಿ ನಕ್ಕು, ‘ಭಾವ, ನೋಟಿಗೆ ಉಪ್ಪು ಸಾಕೋ’ ಎಂದರು. ಅಂದಿನಿಂದ ಯೋಚನೆ ಹತ್ತಿದೆ. ‘ಗ್ಲೌಸ್ ಹಾಕುವ ಅಂಗಡಿ’ ಎಂದೇ ದೂರದಿಂದ ಬರುವವರಿದ್ದಾರೆ. ತೆಗೆದರೆ ವ್ಯಾಪಾರಕ್ಕೆ ಪೆಟ್ಟು ಬಿದ್ದೀತು ಎಂಬ ಅಂಜಿಕೆಯೂ ಇದೆ. ಮುಂದುವರಿಸಲೋ, ಬಿಡಲೋ? ತಿಳಿದವರು ಹೇಳಿ.

ತುಂಗಾತೀರ (ಶಿವಮೊಗ್ಗ), ಜುಲೈ 21

ಬಿಡಬೇಡಿ. ಏನೂ ಇಲ್ಲದಿರುವುದಕ್ಕಿಂತ ಏನೋ ಒಂದು ಇರುವುದು ಮೇಲು. ಬ್ಯಾಂಕಿನಲ್ಲಿರುವ ನಮ್ಮ ಷಡ್ಡಕ ಎರಡೆರಡು ಜೊತೆ ಹಾಕಿಕೊಳ್ಳುತ್ತಾರೆ.

ಹಳೆಯ ಸಿಸ್ಟರ್ (ಹಾಸನ), ಜುಲೈ 22

ತಮ್ಮಾ, ನಿಮ್ಮ ನಾಲಿಗೆಗೆ ರಬ್ಬರಿನ ರುಚಿ ಹತ್ತಿದ್ದು ಒಳ್ಳೆಯದೇ ಆಯಿತು. ಉಳಿದ ದಿನ ಎಷ್ಟು ಸಲ ಮೂಗು ಒರೆಸಿಕೊಂಡಿರೋ, ಕನ್ನಡಕ ಸರಿಮಾಡಿಕೊಂಡಿರೋ, ಅದಕ್ಕೆ ರುಚಿಯಿಲ್ಲವಾದ್ದರಿಂದ ಲೆಕ್ಕವೂ ಇಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗ್ಲೌಸ್ ಬಿಸಾಡುವ ವಸ್ತುವಾಗಿರಲಿಲ್ಲ. ಆಪರೇಷನ್ ಮುಗಿದ ಮೇಲೆ ಅವನ್ನೆಲ್ಲ ತೊಳೆದು, ಒಂದೊಂದರ ಬಾಯಿ ತಿರುಚಿ ಗಾಳಿ ತುಂಬಿ, ಉಬ್ಬಿದ ಬೆರಳುಗಳನ್ನು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದೆವು. ಎಲ್ಲಾದರೂ ತಣ್ಣಗೆ ಗಾಳಿ ಸೋಕಿದರೆ ತೂತಿದೆ ಎಂದರ್ಥ, ಅದು ಬೇರೆ ಬುಟ್ಟಿಗೆ. ಒಳ್ಳೆಯವು ದಾರದ ಮೇಲೆ ಬಟ್ಟೆಯಂತೆ ಒಣಗುತ್ತಿದ್ದವು. ಆಮೇಲೆ ಪೌಡರ್ ಹಾಕಿ, ಆರೂವರೆ, ಏಳು ಎಂದು ಅಳತೆ ನೋಡಿ ಜೋಡಿ ಮಾಡಿ, ಡ್ರಮ್ಮಿಗೆ ತುಂಬಿ, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ. ಕಣ್ಣಿಗೆ ಕಾಣದ ತೂತು ಎಷ್ಟಿರುತ್ತವೆ ಎಂಬುದು ನನ್ನ ಕೆನ್ನೆಗೆ ಗೊತ್ತು. ಈಗಿನ ತೆಳು ಗ್ಲೌಸ್ ಇಡೀ ದಿನ ಅಕ್ಕಿಮೂಟೆ ಎಳೆಯಲು, ತಗಡಿನ ಡಬ್ಬಿ ತೆರೆಯಲು ಮಾಡಿದ್ದಲ್ಲ. ಮೇಲಿಂದ ನೀವು ಸ್ಯಾನಿಟೈಸರ್ ಬೇರೆ ಉಜ್ಜುತ್ತೀರಿ. ಅದರಿಂದ ಗ್ಲೌಸ್ ಮತ್ತಷ್ಟು ಸಡಿಲವಾಗುತ್ತದೆ. ಎರಡು ಜೊತೆ ಹಾಕಿಕೊಳ್ಳುವ ಷಡ್ಡಕರಿಗೂ ಈ ಮಾತು ತಲುಪಿಸಿ.

ಆಸ್ಪತ್ರೆಯಲ್ಲಿ ಗ್ಲೌಸ್ ಹಾಕುವ ರೀತಿಯೇ ಬೇರೆ. ಒಬ್ಬ ರೋಗಿಯ ರಕ್ತವನ್ನೋ ಕೀವನ್ನೋ ಮುಟ್ಟುವ ಕೆಲಸವಿದ್ದರೆ ಹಾಕುತ್ತೇವೆ, ಆ ಕೆಲಸ ಮುಗಿದ ಕೂಡಲೇ ತೆಗೆಯುತ್ತೇವೆ, ತೆಗೆದ ಮೇಲೆ ಕೈ ತೊಳೆಯುತ್ತೇವೆ. ಪಕ್ಕದ ಮಂಚಕ್ಕೆ ಹೊಸ ಜೊತೆ. ನೀವು ಬೆಳಗಿನಿಂದ ರಾತ್ರಿವರೆಗೆ ಎಷ್ಟು ಗಿರಾಕಿಗಳಿಗೆ ಒಂದೇ ಜೊತೆಯಲ್ಲಿ ಸಾಮಾನು ಕೊಡುತ್ತೀರಿ? ಅವರ ಪಾಲಿಗೆ ನಿಮ್ಮ ಗ್ಲೌಸ್ ತೊಳೆಯದ ಕೈಯೇ. ವ್ಯತ್ಯಾಸವೊಂದಿದೆ: ಬರಿಗೈಗೆ ಜೋನಿಬೆಲ್ಲ ಅಂಟಿದರೆ ಕೈ ಸುಮ್ಮನೆ ಕೂರಲು ಬಿಡುವುದಿಲ್ಲ, ಹೋಗಿ ತೊಳೆಯುತ್ತೀರಿ. ಗ್ಲೌಸ್‌ಗೆ ಏನು ಅಂಟಿದರೂ ನಿಮಗೆ ತಿಳಿಯುವುದೇ ಇಲ್ಲ.

ತೆಗೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ಒಂದು ಕೈಯ ಮಣಿಕಟ್ಟಿನ ಹತ್ತಿರ ಹೊರಮೈಯನ್ನು ಮಾತ್ರ ಚಿವುಟಿ ಹಿಡಿದು, ಒಳಗಿನದು ಹೊರಗೆ ಬರುವಂತೆ ಸುಲಿದು ತೆಗೆಯಿರಿ. ಅದನ್ನು ಇನ್ನೂ ಗ್ಲೌಸ್ ಇರುವ ಕೈಯ ಮುಷ್ಟಿಯೊಳಗೆ ಮುದ್ದೆ ಮಾಡಿ ಹಿಡಿದುಕೊಳ್ಳಿ. ಈಗ ಬರಿಗೈಯ ಬೆರಳನ್ನು ಇನ್ನೊಂದು ಗ್ಲೌಸ್‌ನ ಒಳಬದಿಗೆ ತೂರಿಸಿ, ಹೊರಮೈ ಮುಟ್ಟದೆ, ಮೊದಲಿನದನ್ನೂ ಒಳಗೆ ಸೇರಿಸಿಕೊಂಡು ಸುಲಿಯಿರಿ. ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಸಣ್ಣ ಗಂಟು. ನೀವು ಮಧ್ಯಾಹ್ನ ತೆಗೆದಿಟ್ಟದ್ದನ್ನೇ ಊಟವಾದ ಮೇಲೆ ಹಾಕಿಕೊಳ್ಳುತ್ತೀರಲ್ಲ, ಆಗ ಹೊರಮೈಯನ್ನು ಬೆರಳಲ್ಲಿ ಹಿಡಿದು ಎಳೆದುಕೊಳ್ಳುವುದು ಯಾವ ಕೈ?

ರಸ್ತೆಬದಿಗೆ ಎಸೆಯಬೇಡಿ, ದನ ಬಾಯಿ ಹಾಕುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೇಳಿರುವಂತೆ ಕಾಗದದ ಚೀಲದಲ್ಲಿ ಕನಿಷ್ಠ 72 ಗಂಟೆ ಇಟ್ಟು, ಮತ್ತೆ ಯಾರೂ ಬಳಸದಂತೆ ಕತ್ತರಿಸಿ ಒಣಕಸಕ್ಕೆ ಹಾಕಿ.

ತುರಿಕೆಗೆ ಸದ್ಯ ಗ್ಲೌಸ್ ಬಿಡುವುದೇ ಅರ್ಧ ಔಷಧ. ಒಳಗೆ ಬಿಳಿ ಪುಡಿ ಇರುವಂಥದ್ದಾದರೆ ಅದನ್ನಂತೂ ಮತ್ತೆ ತರಬೇಡಿ. ಕೈ ತೊಳೆದು ಸಂದಿಯಲ್ಲಿ ಒಣಗಿಸಿಕೊಳ್ಳಿ. ಒಂದು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಔಷಧದಂಗಡಿಯಲ್ಲಿ ಕೇಳಿ ಮುಲಾಮು ಹಚ್ಚಬೇಡಿ.

ಇನ್ನೊಂದು ಮಾತು, ನಮ್ಮ ಹೆಮ್ಮೆಗೆ. ಆಪರೇಷನ್ ಕೋಣೆಗೆ ರಬ್ಬರ್ ಗ್ಲೌಸ್ ಬಂದದ್ದರ ಹಿಂದೆ ಒಬ್ಬ ನರ್ಸ್ ಇದ್ದಾಳೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889–90ರ ಸುಮಾರಿಗೆ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬಾಕೆಯ ಕೈಗಳು ಪಾದರಸದ ಕ್ಲೋರೈಡ್ ದ್ರಾವಣದಿಂದ ಹುಣ್ಣಾದವು. ಶಸ್ತ್ರವೈದ್ಯ ಹಾಲ್‌ಸ್ಟೆಡ್ ಅವಳಿಗಾಗಿ ತೆಳು ರಬ್ಬರ್ ಗ್ಲೌಸ್ ಮಾಡಿಸಿದ. ಆಮೇಲೆ ಅವಳನ್ನೇ ಮದುವೆಯಾದ. ಚರ್ಮ ಉಳಿಸಲು ಬಂದ ವಸ್ತು ನಿಮ್ಮ ಚರ್ಮ ಕೆಡಿಸುತ್ತಿದೆ, ನೋಡಿ.

ಬನ್ಸೆನ್ ಬರ್ನರ್ (ಧಾರವಾಡ), ಜುಲೈ 22

ಸಿಸ್ಟರ್ ಹೇಳಿದ್ದಕ್ಕೆ ರಸಾಯನಶಾಸ್ತ್ರದ ಮೇಷ್ಟ್ರೊಬ್ಬನ ಬಾಲಂಗೋಚಿ. ಈ ಕೊರೊನಾ ವೈರಾಣುವಿನ ಹೊರಕವಚ ಜಿಡ್ಡಿನದು. ಸೋಪಿನ ಅಣುವಿನ ಒಂದು ತುದಿ ನೀರಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಜಿಡ್ಡಿಗೆ. ಒಗ್ಗರಣೆ ಸೌಟಿನ ಎಣ್ಣೆ ಹೋಗುವುದೂ ಹೀಗೆಯೇ. ಜಿಡ್ಡಿನ ಕವಚ ಹರಿದರೆ ವೈರಾಣು ಕೆಲಸಕ್ಕೆ ಬಾರದು, ಉಳಿದದ್ದು ನೊರೆಯೊಂದಿಗೆ ಹರಿದು ಹೋಗುತ್ತದೆ. ಆದರೆ ಉಜ್ಜಲು ಹೊತ್ತು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಸೋಪು ನೀರಿಗೆ ಒಟ್ಟು 40ರಿಂದ 60 ಸೆಕೆಂಡು, ಸ್ಯಾನಿಟೈಸರ್‌ಗೆ 20ರಿಂದ 30. ನಲ್ಲಿಯ ಕೆಳಗೆ ಬೆರಳು ಆಡಿಸಿ ಲುಂಗಿಗೆ ಒರೆಸಿಕೊಳ್ಳುವುದು ಈ ಲೆಕ್ಕಕ್ಕೆ ಸೇರುವುದಿಲ್ಲ.

ನೀವು ಸರಿಯಾಗಿ ತೊಳೆಯುತ್ತೀರೋ ಇಲ್ಲವೋ ನೋಡಲು ಒಂದು ಪರೀಕ್ಷೆ ಹೇಳುತ್ತೇನೆ. ಓಕುಳಿ ನೀರು ಮಾಡುವುದು ಗೊತ್ತಲ್ಲ, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಮೈಸೋಪಿಗೂ ಅಷ್ಟಿಷ್ಟು ಕ್ಷಾರಗುಣವಿದೆ. ಚಿಟಿಕೆ ಅರಿಶಿನಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಸೇರಿಸಿ ಎರಡೂ ಕೈಗೆ ಪೂರ್ತಿ ಸವರಿಕೊಳ್ಳಿ. ಕಣ್ಣು ಮುಚ್ಚಿ ಎಂದಿನಂತೆ ಸೋಪು ಹಚ್ಚಿ. ನೀರು ಹಾಕುವ ಮೊದಲು ಕಣ್ಣು ಬಿಟ್ಟು ನೋಡಿ: ಸೋಪು ಮುಟ್ಟಿದ ಕಡೆ ಕೆಂಪು, ಮುಟ್ಟದ ಕಡೆ ಹಳದಿ. ತೊಳೆದ ಮೇಲೂ ತೆಳು ಹಳದಿ ಎಲ್ಲ ಕಡೆ ಉಳಿಯುತ್ತದೆ, ಅದಕ್ಕೆ ಗಾಬರಿ ಬೇಡ.

ಸ್ಯಾನಿಟೈಸರ್ ಕೊಳ್ಳುವಾಗ ಶೀಶೆಯ ಹಿಂಬದಿ ಓದಿ. ಆಲ್ಕೋಹಾಲ್ ಕನಿಷ್ಠ ನೂರಕ್ಕೆ 60 ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ನೂರಕ್ಕೆ 80. ಅಪ್ಪಟ ಆಲ್ಕೋಹಾಲ್ ಇನ್ನೂ ಒಳ್ಳೆಯದೆಂದು ತಿಳಿಯಬೇಡಿ, ಸ್ವಲ್ಪ ನೀರಿದ್ದರೇ ಅದು ಚೆನ್ನಾಗಿ ಕೆಲಸ ಮಾಡುವುದು. ಮೆಥನಾಲ್ ಎಂದಿದ್ದರೆ ಬೇಡವೇ ಬೇಡ, ಕಣ್ಣು ತೆಗೆಯುವ ವಿಷ ಅದು. ಮತ್ತೆ, ಸಂಜೆ ಅಂಗಡಿಯಲ್ಲಿ ದೀಪ ಹಚ್ಚುತ್ತೀರಲ್ಲ, ಸ್ಯಾನಿಟೈಸರ್ ಆರುವವರೆಗೆ ಕಡ್ಡಿಪೆಟ್ಟಿಗೆ ಮುಟ್ಟಬೇಡಿ. ಅದರ ಉರಿ ಬೆಳಕಿನಲ್ಲಿ ಸರಿಯಾಗಿ ಕಾಣಿಸುವುದೂ ಇಲ್ಲ.

ಪ್ಲಾಸ್ಟಿಕ್ ಮೇಲೆ ವೈರಾಣು 72 ಗಂಟೆ ಇರುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಪ್ರಯೋಗಾಲಯದಲ್ಲಿ ಅಷ್ಟು ಹೊತ್ತು ಪತ್ತೆಯಾದದ್ದು ನಿಜ, ರಟ್ಟಿನ ಮೇಲೆ 24 ಗಂಟೆ. ಆದರೆ ಪ್ಲಾಸ್ಟಿಕ್ ಮೇಲೂ ಸುಮಾರು ಏಳು ಗಂಟೆಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಹೆದರುವವರು, ಮೂಗಿನ ಕೆಳಗೆ ಮಾಸ್ಕ್ ಇಳಿಸಿ ಎದುರಿಗೆ ನಿಂತವನಿಗೆ ಮೊದಲು ಹೆದರಬೇಕು.

ಅಘನಾಶಿನಿ, ಜುಲೈ 23

ನಮ್ಮ ಅಜ್ಜಿಯ ಮಡಿ ಇದೇ ಅಲ್ಲವೇ? ಮುಟ್ಟಬೇಡ, ಕೈ ತೊಳೆ, ದೂರ ನಿಲ್ಲು. ಹಿರಿಯರಿಗೆ ಎಲ್ಲ ಗೊತ್ತಿತ್ತು.

ಹಳೆಯ ಸಿಸ್ಟರ್ (ಹಾಸನ), ಜುಲೈ 23

ಅಲ್ಲ. ಮಡಿಯವರು ದೂರ ಇಟ್ಟದ್ದು ಮನುಷ್ಯರನ್ನು, ಅದೂ ಸದಾ ಅದೇ ಮನುಷ್ಯರನ್ನು. ನಾನು ವಾರ್ಡಿನಲ್ಲಿ ಮುಟ್ಟದ ಜಾತಿಯಿಲ್ಲ, ಪ್ರತಿಯೊಬ್ಬರನ್ನು ಮುಟ್ಟುವ ಮೊದಲೂ ಕೈ ತೊಳೆದಿದ್ದೇನೆ, ಮುಟ್ಟಿದ ಮೇಲೂ ತೊಳೆದಿದ್ದೇನೆ. ಆ ‘ಮೊದಲು’ ನಿಮ್ಮ ಅಜ್ಜಿಯ ಮಡಿಯಲ್ಲಿ ಇತ್ತೇ? ಇಲ್ಲಿ ಅದನ್ನು ಎಳೆದು ತರಬೇಡಿ.

ಗಲ್ಲಾಪೆಟ್ಟಿಗೆ (ಶಿರಸಿ ಸೀಮೆ), ಆಗಸ್ಟ್ 6

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ನಡುವೆ ಮಳೆ ಜೋರಾಗಿ ಕರೆಂಟ್ ಇರಲಿಲ್ಲ.

ಮೇಷ್ಟ್ರ ಅರಿಶಿನದ ಪರೀಕ್ಷೆ ಮಾಡಿದೆವು, ಮನೆಮಂದಿಯೆಲ್ಲ. ಅಂಗೈ ಕೆಂಪಾಯಿತು, ಬೆರಳ ಸಂದಿ ಪರವಾಗಿಲ್ಲ. ನನ್ನ ಎರಡೂ ಹೆಬ್ಬೆರಳಿನ ಬೆನ್ನು ಅಪ್ಪಟ ಹಳದಿ! ನೋಟು ಎಣಿಸುವ ಹೆಬ್ಬೆರಳೇ. ಉಂಗುರದ ಕೆಳಗಂತೂ ಹಳದಿ ಗೆರೆ ಕಟ್ಟಿತ್ತು. ಉಂಗುರ ಈಗ ದೇವರ ಗೂಡಿನಲ್ಲಿದೆ. ಮಗಳು ಗೆದ್ದಳು, ಅವಳ ಕೈಯಲ್ಲಿ ಉಗುರಿನ ಬುಡ ಬಿಟ್ಟರೆ ಎಲ್ಲ ಕೆಂಪು. ಶಾಲೆಯಿಲ್ಲದ ಮಕ್ಕಳಿಗೆ ಅಪ್ಪನ ಕೈ ಪರೀಕ್ಷೆ ಮಾಡುವುದೇ ಕೆಲಸವಾಗಿದೆ.

ಗ್ಲೌಸ್ ಬಿಟ್ಟೆ. ಜಗುಲಿಯ ತುದಿಗೆ ನಲ್ಲಿ ಕೂರಿಸಿದ ಇಪ್ಪತ್ತು ಲೀಟರಿನ ಡಬ್ಬ ಇಟ್ಟಿದ್ದೇನೆ, ಕೆಳಗೆ ಬಕೆಟ್. ಗಿರಾಕಿಗಳೂ ತೊಳೆದೇ ಒಳಗೆ ಬರಬೇಕು, ನಾನೂ ಅವರ ಕಣ್ಣೆದುರೇ ತೊಳೆಯುತ್ತೇನೆ. ಸೋಪನ್ನು ಎರಡು ಸಲ ಕಾಗೆ ಹೊತ್ತೊಯ್ದಿತು. ಈಗ ಈರುಳ್ಳಿ ಬಂದ ಬಲೆಚೀಲದ ತುಂಡಿನಲ್ಲಿ ಕಟ್ಟಿ ನೇತುಹಾಕಿದ್ದೇನೆ, ಚೀಲದ ಮೇಲೇ ಉಜ್ಜಿದರೆ ನೊರೆಯೂ ಚೆನ್ನಾಗಿ ಬರುತ್ತದೆ. ನೋಟಿಗೆ ತಟ್ಟೆಯೊಂದನ್ನು ಇಟ್ಟು, ಎಣಿಸಲು ಒದ್ದೆ ಸ್ಪಂಜು ತಂದೆ. ನಾಲಿಗೆ ಬಳಿಗೆ ಬೆರಳು ಈಗಲೂ ಏಳುತ್ತದೆ, ಮಾಸ್ಕ್ ತಡೆಯುತ್ತದೆ.

ವ್ಯಾಪಾರದ ಅಂಜಿಕೆ ಸುಳ್ಳಾಯಿತು ಎನ್ನಲಾರೆ. ಇಬ್ಬರು ‘ಗ್ಲೌಸ್ ಎಲ್ಲಿ’ ಎಂದು ಕೇಳಿ ಹಿಂದಿರುಗಿದರು. ಒಬ್ಬರು ಮರುದಿನ ಬಂದರು, ಇನ್ನೊಬ್ಬರು ಬಂದಿಲ್ಲ. ಬೆರಳ ಸಂದಿ ವಾಸಿಯಾಗುತ್ತಿದೆ.

ಉಳಿದ ಗ್ಲೌಸ್ ಪೆಟ್ಟಿಗೆಯನ್ನು ನಮ್ಮ ಮಾವ ತೋಟಕ್ಕೆ ಒಯ್ದರು. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವ ಕಾಲವಲ್ಲವೇ, ಮೈಲುತುತ್ತ ಕರಗಿಸಿ ಸುಣ್ಣದ ನೀರಿಗೆ ಬೆರೆಸುವಾಗ ಹಾಕಿಕೊಳ್ಳುತ್ತಾರಂತೆ.

ಹಳೆಯ ಸಿಸ್ಟರ್ (ಹಾಸನ), ಆಗಸ್ಟ್ 6

ಮೈಲುತುತ್ತಕ್ಕೆ ಗ್ಲೌಸ್ ಬೇಕೇ ಬೇಕು, ಆದರೆ ಆ ತೆಳುವಾದದ್ದು ಸಾಲದು. ಮೊಣಕೈವರೆಗೆ ಬರುವ ದಪ್ಪ ರಬ್ಬರಿನದನ್ನು ತರಿಸಿಕೊಡಿ. ಕವಳ (ಎಲೆ-ಅಡಿಕೆ) ಹಾಕುವ ಅಭ್ಯಾಸವಿದ್ದರೆ ಮಾವನವರಿಗೆ ಹೇಳಿ: ಗ್ಲೌಸ್ ತೆಗೆದು ಕೈ ತೊಳೆದ ಮೇಲೆಯೇ ಕವಳದ ತಟ್ಟೆ ಮುಟ್ಟಬೇಕು.