ಕಾದಾಟವಿಲ್ಲದ, ಕಥೆಯೇ ಮುಖ್ಯವಾದ ಆಟಗಳಲ್ಲಿ ಹಿರಿಯರಿಗೆ ಮೊದಲು ಯಾವುದನ್ನು ಕೊಡಬಹುದು?

ಬದಿಯಡ್ಕದ ಓದುಗ (ಪ್ರಶ್ನೆ):
ನನ್ನ ತಂದೆಯವರು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಪತ್ತೇದಾರಿ ಕಾದಂಬರಿ ಕೈಗೆ ಸಿಕ್ಕಿದರೆ ಈಗಲೂ ಊಟದ ನೆನಪಿರುವುದಿಲ್ಲ. ಮಳೆ ಹಿಡಿದು ತೋಟಕ್ಕೆ ಇಳಿಯಲಾಗದ ದಿನಗಳಲ್ಲಿ, ನಾನು ‘ಗಾನ್ ಹೋಮ್’ ಆಡುವುದನ್ನು ಹಿಂದೆ ನಿಂತು ನೋಡಿದ ಅವರು, ಯಾರೂ ಇಲ್ಲದ ಮನೆಯ ಮೇಜಿನ ಖಾನೆಗಳನ್ನು ಎಳೆದು, ಪತ್ರಗಳನ್ನು ಓದಿ, ಆ ಸಂಸಾರದ ಕಥೆಯನ್ನು ತಾವೇ ಕಟ್ಟಿಕೊಳ್ಳುವ ಕ್ರಮವನ್ನು ಬಹಳ ಮೆಚ್ಚಿ, ಇಂಥದೊಂದು ತಮಗೂ ಬೇಕೆಂದಿದ್ದಾರೆ. ಇಂಗ್ಲಿಷ್ ಓದು ಅವರಿಗೆ ಸಲೀಸು, ಆದರೆ ಅಮೆರಿಕದವರ ಮಾತು ಕಿವಿಗೆ ಹತ್ತುವುದಿಲ್ಲ. ಕೀಲಿಮಣೆ ಮತ್ತು ಮೌಸ್ ಎರಡನ್ನೂ ಒಟ್ಟಿಗೆ ಆಡಿಸುವುದು ಕಷ್ಟ. ಲ್ಯಾಪ್‌ಟಾಪ್ ಹಳೆಯದು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವುದರಿಂದ ಆರಂಭಿಸಬಹುದು?

ಕುಂಬಳೆ ೭೧:
ಇಂಥ ಸಂದರ್ಭದಲ್ಲಿ ಕಥೆ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಆಡುವವರು ಓದಿ ಮುಗಿಸುವ ತನಕ ಆಟ ಸುಮ್ಮನೆ ಕಾಯುತ್ತದೆಯೇ ಎಂಬುದನ್ನು ಮೊದಲು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. 2016ರ ‘ಫೈರ್‌ವಾಚ್’ ಅನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಅದರಲ್ಲಿ ಕಥೆಯೆಲ್ಲ ನಡೆಯುವುದು ವಾಕಿಟಾಕಿಯ ಮಾತುಕತೆಯಲ್ಲಿ. ಆ ಕಡೆಯಿಂದ ಡಿಲೈಲಾ ಎಂಬ ಪಾತ್ರ ಏನೋ ಕೇಳಿದಾಗ ಉತ್ತರ ಆರಿಸಲು ಸಿಗುವುದು ಕೆಲವೇ ಕ್ಷಣ, ಆರಿಸದಿದ್ದರೆ ಸುಮ್ಮನಿದ್ದುದೇ ಉತ್ತರವಾಗಿಬಿಡುತ್ತದೆ. ನಿಮ್ಮ ತಂದೆಯವರು ಅಡಿಬರಹ ಓದಿ ತಲೆಯೆತ್ತುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. 2019ರ ‘ಔಟರ್ ವೈಲ್ಡ್ಸ್’ ಇನ್ನೂ ದೊಡ್ಡ ಕೃತಿ, ಆದರೆ ಅದರಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ; ಜೊತೆಗೆ ಗಗನನೌಕೆ ಇಳಿಸುವುದಕ್ಕೆ ಎಳೆಯರ ಕೈಗಳೇ ತಡವರಿಸುತ್ತವೆ. ಅದು ಸದ್ಯಕ್ಕೆ ಬೇಡ.

ಮಂಜೇಶ್ವರದ ಗೆಳೆಯ:
ಪತ್ತೇದಾರಿ ಕಥೆ ಓದುವ ಮಾಸ್ತರರಿಗಾದರೆ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಬಿಟ್ಟು ಬೇರೆ ಯೋಚನೆಯೇ ಬೇಡ. ಲೂಕಸ್ ಪೋಪ್ ಎಂಬವರು ಬಹುಪಾಲು ಒಬ್ಬರೇ ಕುಳಿತು, ಸಂಗೀತವನ್ನೂ ತಾವೇ ಮಾಡಿ, 2018ರಲ್ಲಿ ಹೊರತಂದ ಆಟವಿದು. ಈಸ್ಟ್ ಇಂಡಿಯಾ ಕಂಪೆನಿಯ ಹಡಗೊಂದು ಕಾಣೆಯಾಗಿ, 1807ರಲ್ಲಿ ಜೀವಂತ ಮನುಷ್ಯರಾರೂ ಇಲ್ಲದೆ ಮರಳಿ ಬಂದಿದೆ. ಅದರಲ್ಲಿದ್ದ 60 ಮಂದಿಯ ಗತಿ ಏನಾಯಿತೆಂದು ಕಂಪೆನಿಯ ವಿಮಾ ಅಧಿಕಾರಿಯಾಗಿ ನಾವು ಬರೆದುಕೊಡಬೇಕು. ಒಂದು ಶವದ ಮುಂದೆ, ಆಟದಲ್ಲಿ ನಮಗೆ ಸಿಗುವ ಮಾಯದ ಗಡಿಯಾರ ತೆರೆದರೆ ಆ ಸಾವಿನ ಕ್ಷಣ ಅಲುಗಾಡದೆ ನಿಂತುಬಿಡುತ್ತದೆ; ಅದರೊಳಗೆ ಸುತ್ತಾಡಿ ಯಾರು ಎಲ್ಲಿದ್ದಾರೆ, ಯಾರ ಕೈಯಲ್ಲಿ ಏನಿದೆ ಎಂದು ನೋಡಬಹುದು, ಬೇಕೆನಿಸಿದಾಗ ಮತ್ತೆ ಹೋಗಿಯೂ ನೋಡಬಹುದು. ಆಡಿದ ಮಾತುಗಳೆಲ್ಲ ಆಟದೊಳಗಿನ ಪುಸ್ತಕದಲ್ಲಿ ಅಚ್ಚಾಗಿರುವುದರಿಂದ ಕಿವಿಗೆ ಹತ್ತದಿದ್ದರೂ ತೊಂದರೆಯಿಲ್ಲ.

ಯಾರೂ ತಮ್ಮ ಹೆಸರು ಹೇಳಿಕೊಳ್ಳುವುದಿಲ್ಲ ಎಂಬುದೇ ಇದರ ಸ್ವಾರಸ್ಯ. ನಾವಿಕರು ಮಲಗುವ ತೂಗುಹಾಸಿಗೆಯ ಮೇಲೊಂದು ಸಂಖ್ಯೆ, ಯಾರ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬುದು, ತೊಟ್ಟ ಬಟ್ಟೆ, ಆಡುವ ಭಾಷೆ, ಇಷ್ಟರಿಂದಲೇ ಗುರುತು ಹಿಡಿಯಬೇಕು. ರಷ್ಯದವರು, ಚೀನದವರು, ನಮ್ಮ ಭಾರತದ ನಾವಿಕರೂ ಅದರಲ್ಲಿದ್ದಾರೆ. ಕಾಸರಗೋಡಿನ ಬಸ್ ನಿಲ್ದಾಣದಲ್ಲಿ ನಿಂತು, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಎಲ್ಲವನ್ನೂ ಕೇಳಿ, ಮಾತಾಡುವವರು ಯಾವ ಕಡೆಯವರೆಂದು ಲೆಕ್ಕ ಹಾಕುವ ನಮ್ಮವರಿಗೆ ಈ ವಿದ್ಯೆ ಕಲಿಸಬೇಕಾಗಿಲ್ಲ. ಮೂವರ ವಿಷಯ ಪೂರ್ತಿ ಸರಿಯಾದಾಗ ಮಾತ್ರ ಪುಸ್ತಕ ಅದನ್ನು ಒಪ್ಪಿಕೊಳ್ಳುತ್ತದೆ, ಆದ್ದರಿಂದ ಬರೇ ಊಹೆ ಹೊಡೆದು ಪಾರಾಗುವುದು ಸುಲಭವಲ್ಲ. ಚಿತ್ರವೆಲ್ಲ ಎರಡೇ ಬಣ್ಣದ ಚುಕ್ಕಿಗಳಲ್ಲಿದ್ದು, ಹಳೆಯ ಲ್ಯಾಪ್‌ಟಾಪಿಗೂ ಹೆಚ್ಚು ಭಾರವಾಗಲಾರದು.

ಮುಳ್ಳೇರಿಯ:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಆ ಚುಕ್ಕಿಗಳು ತಿರುಗುವಾಗ ಮಿನುಗಿ ಕೆಲವರ ಕಣ್ಣಿಗೆ ಆಯಾಸ ತರುತ್ತವೆ. ತಲೆ ಸುತ್ತುವ ಸ್ವಭಾವವಿದ್ದರೆ 1993ರ ‘ಮಿಸ್ಟ್’ ಒಳ್ಳೆಯದು: ಮೂಲ ಆಟದಲ್ಲಿ ಒಂದು ನಿಶ್ಚಲ ಚಿತ್ರದಿಂದ ಇನ್ನೊಂದಕ್ಕೆ ಬರೇ ಮೌಸ್ ಒತ್ತಿ ಹೋಗುವುದು, ಕೀಲಿಮಣೆಯ ಗೊಡವೆಯಿಲ್ಲ. ಒಗಟುಗಳು ಮಾತ್ರ ಕಠಿಣ, ಕಥೆಯೂ ತೆಳು. ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಕಥೆ ಹೇಳುವ ಜಾಣ್ಮೆಯಲ್ಲಿ ಅದಕ್ಕೆ ಸಾಟಿ ಕಡಿಮೆ, ಆದರೆ ಒಂದು ಪ್ರಸಂಗದಲ್ಲಿ ಒಂದು ಕೈಯಿಂದ ಮೀನಿನ ತಲೆ ಕತ್ತರಿಸುತ್ತಲೇ ಇನ್ನೊಂದು ಕೈಯಿಂದ ಕಲ್ಪನೆಯ ರಾಜ್ಯದಲ್ಲಿ ನಡೆಯಬೇಕು. ಎರಡು ಕೈ ಒಟ್ಟಿಗೆ ಓಡದವರಿಗೆ ಅದು ಶಿಕ್ಷೆ. ಮೇಲಾಗಿ ಎಳೆಯ ಮಕ್ಕಳ ಸಾವೂ ಅದರಲ್ಲಿದೆ. ವಯಸ್ಸಾದವರ ಕೈಗೆ ಕೊಡುವಾಗ ನೋಡಿಕೊಂಡು ಕೊಡಿ.

‘ಓಬ್ರಾ ಡಿನ್’ ಕೊಳ್ಳುವುದಾದರೆ ನಡೆಸುವ ಕೆಲಸ ನೀವು ಮಾಡಿ, ಯೋಚಿಸುವ ಕೆಲಸ ಅವರಿಗೆ ಬಿಡಿ. ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ.

ಬದಿಯಡ್ಕದ ಓದುಗ:
ಎಲ್ಲರಿಗೂ ಧನ್ಯವಾದಗಳು. ‘ಓಬ್ರಾ ಡಿನ್’ ಕೊಂಡಿದ್ದೇನೆ, ಕೀಲಿಮಣೆ ನನ್ನ ಪಾಲಿಗೆ ಬಂದಿದೆ. ಅಂತರ್ಜಾಲದಲ್ಲಿ ಉತ್ತರ ಹುಡುಕಕೂಡದೆಂದು ತಂದೆಯವರು ಈಗಾಗಲೇ ಕಟ್ಟಪ್ಪಣೆ ಮಾಡಿದ್ದಾರೆ. ಈ ಚರ್ಚೆಯನ್ನು ಅವರೂ ಓದುತ್ತಾರಾದ್ದರಿಂದ, ಹಡಗಿನಲ್ಲಿ ಯಾರು ಹೇಗೆ ಸತ್ತರೆಂದು ದಯವಿಟ್ಟು ಯಾರೂ ಇಲ್ಲಿ ಬರೆಯಬೇಡಿ.