ಸೂಳೆಕೆರೆ ದೋಣಿಗೆ ಎಲೆಕ್ಟ್ರಿಕ್ ಮೋಟರ್: ಗಂಟೆಗೇ ಎಳೆತ ಕುಗ್ಗುತ್ತದೆ, ವೈರ್ ಬಿಸಿ

ಹರಿದ್ರಾದಂಡೆ, ಚನ್ನಗಿರಿ:
14 ಅಡಿ ಫೈಬರ್ ದೋಣಿ, ಇಬ್ಬರ ಭಾರ. ಹಿಂಬದಿಗೆ ಸಿಕ್ಕಿಸುವ ಮೋಟರ್: 12 ವೋಲ್ಟಿನ, 55 ಪೌಂಡ್ ತಳ್ಳುಬಲದ ಔಟ್‌ಬೋರ್ಡ್. ಬ್ಯಾಟರಿ ಮನೆ ಇನ್ವರ್ಟರಿನ 150 ಎಎಚ್ (ಆಂಪ್-ಅವರ್, ಎಷ್ಟು ಕರೆಂಟ್ ಎಷ್ಟು ಗಂಟೆ ಅನ್ನುವ ಅಳತೆ) ಟ್ಯೂಬುಲರ್, ಅಂದರೆ ಸೀಸದ್ದು. ವೈರ್ 6 ಚದರ ಮಿ.ಮೀ., 3 ಮೀಟರ್ ಉದ್ದ, ತುದಿಗೆ ಮೊಸಳೆ ಕ್ಲಿಪ್. ಫುಲ್ ಸ್ಪೀಡಿನಲ್ಲಿ ಒಂದು ಗಂಟೆಗೆಲ್ಲ ಎಳೆತ ಕುಗ್ಗುತ್ತದೆ, ಕ್ಲಿಪ್ ಮುಟ್ಟಲಾಗದಷ್ಟು ಬಿಸಿ. ಮೋಟರ್ ಕೆಟ್ಟಿದೆಯೋ, ಬ್ಯಾಟರಿ ಸಾಲದೋ?

ಕೋಟೆಕಲ್ಲು, ಚಿತ್ರದುರ್ಗ:
ಮೋಟರ್ ಬಿಚ್ಚಬೇಡ್ರಿ, ಮೊದಲು ಆ ಕ್ಲಿಪ್ ಬಿಸಾಕ್ರಿ. 55 ಪೌಂಡಿನದು ಫುಲ್ ಕೊಟ್ಟಾಗ 50 ಆಂಪ್ಸ್ ಹತ್ರ ಎಳೀತದೆ. 6 ಚ.ಮಿ.ಮೀ. ತಾಮ್ರದಲ್ಲಿ 3 ಮೀಟರ್ ಹೋಗಿ ಬರೋದ್ರೊಳಗೆ 0.9 ವೋಲ್ಟ್ ಕರಗಿ 45 ವ್ಯಾಟ್ ಬರೀ ಕಾವಾಗ್ತದೆ. 16 ಚ.ಮಿ.ಮೀ. ಹಾಕಿದ್ರೆ 0.35 ವೋಲ್ಟಿಗೆ ಇಳೀತದೆ. ತುದಿಗೆ ತಾಮ್ರದ ಲಗ್ (ತೂತಿರೋ ತುದಿಬಿಲ್ಲೆ) ಒತ್ತಿ ಕ್ರಿಂಪ್ ಮಾಡಿ ಬೋಲ್ಟಲ್ಲೇ ಬಿಗೀರಿ.

ಪಾಸಿಟಿವ್ ಕಡೆ, ಬ್ಯಾಟರಿಯಿಂದ ಗೇಣುದ್ದದೊಳಗೆ, 60 ಆಂಪ್ಸ್ ಡಿಸಿ ಬ್ರೇಕರ್ (ಕರೆಂಟ್ ಮಿತಿ ಮೀರಿದ್ರೆ ತಾನೇ ಕಡಿಯೋ ಸ್ವಿಚ್) ಬೇಕೇ ಬೇಕು. ಪ್ರೊಪೆಲರ್ ರೆಕ್ಕೆಗೆ ಬಲೆ ಸುತ್ತಿ ಮೋಟರ್ ನಿಂತ್ರೆ ಕರೆಂಟ್ ಏರಿ ವೈರಿನ ಸಿಪ್ಪೆ ಕರಗ್ತದೆ. ಮನೆಯ ಎಸಿ ಬ್ರೇಕರ್ (ಎಂಸಿಬಿ) ಆಗಲ್ಲ. ಎಸಿ ಕರೆಂಟ್ ಕ್ಷಣಕ್ಷಣಕ್ಕೂ ಸೊನ್ನೆಗೆ ಇಳಿಯೋದ್ರಿಂದ ಕಿಡಿ ತಾನೇ ಆರ್ತದೆ, ಡಿಸಿ ಹಾಗೆ ಇಳಿಯಲ್ಲ.

ಬ್ಯಾಟರಿ ಮೇಲಿನ 150 ಅನ್ನೋದು ನಿಧಾನಕ್ಕೆ 20 ಗಂಟೆ ಎಳೆದಾಗಿನ ಲೆಕ್ಕ. 50 ಆಂಪ್ಸ್ ಎಳೆದ್ರೆ ಅಷ್ಟು ಸಿಗಲ್ಲ. ಸಿಕ್ಕಿದ್ರಲ್ಲೂ ಅರ್ಧಕ್ಕಿಂತ ಹೆಚ್ಚು ಬಳಸಿದ್ರೆ ಅದರ ಆಯಸ್ಸು ಬೇಗ ಮುಗೀತದೆ. ಮೋಟರ್ ನಿಲ್ಲಿಸಿ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್ ಅಂದ್ರೆ ತುಂಬಿದೆ, 12.2ಕ್ಕೆ ನಿಲ್ಲಿಸ್ರಿ. ದೋಣಿ ವಾಲಿದ್ರೆ ಆಸಿಡ್ ಚೆಲ್ಲೋ ಭಯ ಬೇರೆ.

ಹರಿದ್ರಾದಂಡೆ:
ಬಿಚ್ಚಿ ನೋಡಿದೆ, ಕ್ಲಿಪ್ಪಿನ ಹಲ್ಲು ನೀಲಿಗಟ್ಟಿದೆ, ಪಕ್ಕದ ಪ್ಲಾಸ್ಟಿಕ್ ಜೋತುಬಿದ್ದಿದೆ. ಲಿಥಿಯಂ ಬ್ಯಾಟರಿಗೆ ಹೋಗಲೇ? ಮೋಟರ್ 5 ವೇಗದ ಹಂತದ್ದು.

ವೇದಾವತಿತೀರ, ಹಿರಿಯೂರು:
ಹೋಗಿ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ 12 ಕೆಜಿ ಆಸುಪಾಸು, 80ರಿಂದ 90 ಎಎಚ್ ಧಾರಾಳವಾಗಿ ಬಳಸಬಹುದು. ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) 100 ಆಂಪ್ಸಿನದಿರಲಿ, ಚಾರ್ಜರ್ 14.4ರಿಂದ 14.6 ವೋಲ್ಟಿನ ಲಿಥಿಯಂ ಚಾರ್ಜರೇ ಆಗಿರಲಿ. ಸೀಸದ ಬ್ಯಾಟರಿ ಸೊರಗುತ್ತಾ ಸೂಚನೆ ಕೊಡುತ್ತದೆ, ಇದು ಕೊನೆವರೆಗೂ ಒಂದೇ ಸಮ ಎಳೆದು ತಟಕ್ಕನೆ ನಿಲ್ಲುತ್ತದೆ. ವೋಲ್ಟ್ ಮೀಟರ್ ನಂಬಬೇಡಿ, ಶಂಟ್ (ಹರಿಯುವ ಕರೆಂಟ್ ಅಳೆಯುವ ಪಟ್ಟಿ) ಇರುವ ಆಂಪ್-ಅವರ್ ಮೀಟರ್ ಹಾಕಿ.

ಆದರೆ ಬ್ಯಾಟರಿ ಎಷ್ಟೇ ದೊಡ್ಡದಿದ್ದರೂ ಫುಲ್ ಕೊಟ್ಟೇ ಓಡಿಸಿದರೆ ದಂಡ. ವೇಗ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟು. ಗಂಟೆಗೆ 6 ಕಿ.ಮೀ.ಗೆ 50 ಆಂಪ್ಸ್ ಆದರೆ 4.5 ಕಿ.ಮೀ.ಗೆ ಸುಮಾರು 21 ಸಾಕು. ಹಿಡಿ ತಿರುಗಿಸಿದಂತೆ ಸಣ್ಣಗೆ ಏರುವ ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ವೇಗ ಹದಗೊಳಿಸುವ) ಮೋಟರಿನಲ್ಲಿ ಈ ಉಳಿತಾಯ ಪೂರ್ತಿ ಸಿಗುತ್ತದೆ. ನಿಮ್ಮ 5 ಹಂತದ್ದರಲ್ಲಿ ಕೆಳಹಂತಗಳಿಗೆ ಸುರುಳಿ ಪ್ರತಿರೋಧ ಇರುತ್ತದೆ, ಒಂದಷ್ಟು ಅಲ್ಲೇ ಶಾಖವಾಗಿ ಹೋಗುತ್ತದೆ. ಆ ಸುರುಳಿಯನ್ನು ತಣಿಸುವುದು ನೀರೇ. ಹಾಗಾಗಿ ದಡದ ಮೇಲೆ ಓಡಿಸಿ ಪರೀಕ್ಷೆ ಮಾಡಲೇಬೇಡಿ.

ರೆಕ್ಕೆಯ ಮೇಲಂಚು ನೀರಿನಿಂದ 15 ಸೆಂ.ಮೀ. ಕೆಳಗಿರಲಿ. ಇಲ್ಲವಾದರೆ ಗಾಳಿ ಹೀರಿ ಬರೀ ಗೊರಗೊರ ಸದ್ದು, ದೋಣಿ ಮುಂದೆ ಹೋಗದು.

ಕೋಟೆಕಲ್ಲು:
ಬಲೆ ಹಾಕೋ ಕೆರೆ ಅಂದ್ಮೇಲೆ ನೈಲಾನ್ ದಾರದ್ದೇ ದೊಡ್ಡ ಕಾಟ. ವಾರಕ್ಕೊಮ್ಮೆ ವೈರ್ ಬಿಡಿಸಿ, ನಟ್ ತೆಗೆದು, ರೆಕ್ಕೆ ಎಳೆದು ಹಿಂದೆ ನೋಡ್ರಿ. ಕೂದಲಿನಂಥ ದಾರ ಶಾಫ್ಟಿಗೆ (ರೆಕ್ಕೆ ತಿರುಗಿಸೋ ದಂಡ) ಸುತ್ತಿ ನೀರು ತಡೆಯೋ ಸೀಲ್ ಕೊಯ್ದಿರ್ತದೆ, ಅಲ್ಲಿಂದ ಒಳಗೆ ನೀರು. ಜಾಲಿ ಕೊಂಬೆಗೆ ಬಡಿದಾಗ ಮುರಿಯೋದು ರೆಕ್ಕೇನ ಶಾಫ್ಟಿಗೆ ಹಿಡಿಯೋ ಪಿನ್. ಎರಡು ಪಿನ್, ಒಂದು ನಟ್, ಸ್ಪ್ಯಾನರ್ ದೋಣೀಲೇ ಇರ್ಲಿ. ಪಿನ್ ಬದಲು ಮೊಳೆ ತುರುಕಬೇಡ್ರಿ. ಅದು ಮುರಿಯದಿದ್ರೆ ಶಾಫ್ಟೇ ಬಾಗ್ತದೆ.

ವೇದಾವತಿತೀರ:
ಆಷಾಢದ ಗಾಳಿಯಲ್ಲಿ ಮೊದಲು ಗಾಳಿಗೆ ಎದುರು ಹೋಗಿ, ಬರುವಾಗ ಅದು ಬೆನ್ನಿಗಿರಲಿ. 40 ಎಎಚ್ ಖರ್ಚಾಯಿತೆಂದು ಮೀಟರ್ ತೋರಿಸಿದಾಗ ದೋಣಿ ಹಿಂದಕ್ಕೆ ತಿರುಗಿಸಿ. ಕಿಲ್ ಸ್ವಿಚ್ (ಹಗ್ಗ ಎಳೆದರೆ ಮೋಟರ್ ನಿಲ್ಲಿಸುವ ಸ್ವಿಚ್) ಹಗ್ಗ ಮೋಟರ್ ಹಿಡಿದವರ ಕೈಗೆ, ಲೈಫ್ ಜಾಕೆಟ್ ಇಬ್ಬರಿಗೂ, ಹುಟ್ಟು ಎರಡು. ದಡದಲ್ಲಿ ರೆಕ್ಕೆಗೆ ಕೈ ಹಾಕುವ ಮುಂಚೆ ಬ್ರೇಕರ್ ಇಳಿಸಿ. ಹಿಡಿ ಸೊನ್ನೆಯಲ್ಲಿದೆ ಅಂತ ನಂಬಿ ಕೈ ಇಡಬೇಡಿ, ಮೊಣಕಾಲು ತಾಗಿದರೂ ಅದು ತಿರುಗುತ್ತದೆ.