ಆಕಾಶಕ್ಕೆ ಏಣಿ ಹಾಕುವ ಲೆಕ್ಕ: ಗೋಪುರ, ಕೇಬಲ್, ಉಂಗುರ – ಇವುಗಳಲ್ಲಿ ಕಟ್ಟಬಹುದಾದದ್ದು ಯಾವುದು?

ಪ್ರಶ್ನೆ – ಕುತೂಹಲಿ

ರಾಕೆಟ್ಟುಗಳ ತೂಕದ ವಿವರಗಳನ್ನು ಓದುವಾಗಲೆಲ್ಲ ನನಗೆ ಒಂದು ಬಗೆಯ ಅಸಮಾಧಾನ ಉಂಟಾಗುತ್ತದೆ. 1969ರಲ್ಲಿ ಮನುಷ್ಯರನ್ನು ಚಂದ್ರನತ್ತ ಕೊಂಡೊಯ್ದ ಸ್ಯಾಟರ್ನ್ 5 ರಾಕೆಟ್ ನೆಲ ಬಿಡುವಾಗ ಸುಮಾರು 2,900 ಟನ್ ತೂಗುತ್ತಿತ್ತು. ಅದರಲ್ಲಿ ಚಂದ್ರನ ದಾರಿ ಹಿಡಿದ ನೌಕೆಯ ತೂಕ ಸುಮಾರು 45 ಟನ್ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಇಂಧನ, ಮಿಕ್ಕದ್ದು ಖಾಲಿ ಟ್ಯಾಂಕು ಮತ್ತು ಎಂಜಿನ್. ಒಂದು ಸಲ ದೊಡ್ಡ ಬಂಡವಾಳ ಹಾಕಿ ಶಾಶ್ವತವಾದ ಒಂದು ಕಟ್ಟಡವನ್ನೇ ನಿರ್ಮಿಸಿಬಿಟ್ಟರೆ ಪ್ರತಿ ಸಲವೂ ಇಷ್ಟನ್ನು ಸುಡುವುದು ತಪ್ಪುವುದಿಲ್ಲವೇ ಎಂಬುದು ನನ್ನ ಮೂಲ ಪ್ರಶ್ನೆ.

ಮನುಷ್ಯರು ಈಗಾಗಲೇ 828 ಮೀಟರ್ ಎತ್ತರದ ಕಟ್ಟಡವನ್ನು ಕಟ್ಟಿ ನಿಲ್ಲಿಸಿದ್ದಾರೆ. ಬಾಹ್ಯಾಕಾಶವು 100 ಕಿ.ಮೀ. ಎತ್ತರದಲ್ಲಿ ಆರಂಭವಾಗುತ್ತದೆ ಎಂಬುದು ರೂಢಿಯಲ್ಲಿರುವ ಲೆಕ್ಕ. ಹಣದ ಮಿತಿ ಇಲ್ಲವೆಂದೇ ಇಟ್ಟುಕೊಂಡರೆ, ಅಷ್ಟು ಎತ್ತರದ ಗೋಪುರದ ತುದಿಯಿಂದ ಉಪಗ್ರಹಗಳನ್ನು ಸುಮ್ಮನೆ ಹೊರಕ್ಕೆ ತಳ್ಳಿಬಿಡಬಹುದೇ? ಬಾಹ್ಯಾಕಾಶ ಎಲಿವೇಟರ್ ಎಂಬ ಕೇಬಲ್ ವ್ಯವಸ್ಥೆಯ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಮಾತು ನಡೆದಿದ್ದರೂ ಅದು ಚಿತ್ರಗಳಾಚೆಗೆ ಬಂದಿಲ್ಲವಲ್ಲ, ಅಡ್ಡಿ ಏನು? ತಿಳಿದವರು ಲೆಕ್ಕ ಸಹಿತ ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಕಕ್ಷಾಪಥಿಕ

ನಿಮ್ಮ ಪ್ರಶ್ನೆಯಲ್ಲಿ ಅಡಗಿರುವ ಒಂದು ಕಲ್ಪನೆಯನ್ನು ಮೊದಲು ಬಿಡಿಸಿಕೊಳ್ಳಬೇಕು. ಬಾಹ್ಯಾಕಾಶಕ್ಕೆ ಹೋಗುವುದೆಂದರೆ ಮೇಲಕ್ಕೆ ಹೋಗುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ಮೇಲೆಯೇ ಉಳಿಯಬೇಕಾದರೆ ಮುಖ್ಯವಾಗಿ ಬೇಕಾದದ್ದು ಅಡ್ಡ ದಿಕ್ಕಿನ ವೇಗ. 400 ಕಿ.ಮೀ. ಎತ್ತರದಲ್ಲಿ ಭೂಮಿಯ ಗುರುತ್ವ ನೆಲದಲ್ಲಿರುವುದರ ಶೇಕಡ 88ರಷ್ಟು ಇದ್ದೇ ಇರುತ್ತದೆ. ಅಲ್ಲಿ ಸುತ್ತುವ ಉಪಗ್ರಹ ಬೀಳದಿರುವುದಕ್ಕೆ ಕಾರಣ ಅದು ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಧಾವಿಸುತ್ತಿರುವುದೇ ಹೊರತು ಗುರುತ್ವ ಇಲ್ಲದಿರುವುದಲ್ಲ.

ಇದನ್ನೇ ಶಕ್ತಿಯ ಲೆಕ್ಕದಲ್ಲಿ ನೋಡೋಣ. ಒಂದು ಕಿಲೋಗ್ರಾಮನ್ನು 400 ಕಿ.ಮೀ. ಎತ್ತರಕ್ಕೆ ಏರಿಸಲು ಸುಮಾರು 3.7 ಮೆಗಾಜೂಲ್ ಬೇಕು. ಅದಕ್ಕೆ ಅಲ್ಲಿನ ಕಕ್ಷೆಯ ವೇಗವನ್ನು ಕೊಡಲು ಸುಮಾರು 29 ಮೆಗಾಜೂಲ್ ಬೇಕು. ಎಂದರೆ ಒಟ್ಟು ಕೆಲಸದಲ್ಲಿ ಎತ್ತರದ ಪಾಲು ಒಂಬತ್ತರಲ್ಲಿ ಒಂದು ಮಾತ್ರ. ನಿಮ್ಮ 100 ಕಿ.ಮೀ. ಗೋಪುರ ಭೂಮಧ್ಯರೇಖೆಯ ಮೇಲೆಯೇ ಇದ್ದರೂ ಅದರ ತುದಿ ಭೂಮಿಯೊಂದಿಗೆ ತಿರುಗುವ ವೇಗ ಸೆಕೆಂಡಿಗೆ ಅರ್ಧ ಕಿ.ಮೀ.ಗಿಂತಲೂ ಕಡಿಮೆ. ಅಲ್ಲಿಂದ ತಳ್ಳಿದ ಉಪಗ್ರಹ ಹೆಚ್ಚುಕಡಿಮೆ ಗೋಪುರದ ಬುಡಕ್ಕೇ ಬಂದು ಬೀಳುತ್ತದೆ.

ಎತ್ತರದಿಂದ ಪ್ರಯೋಜನವೇ ಇಲ್ಲ ಎಂದು ಹೇಳುತ್ತಿಲ್ಲ. 20 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಇಪ್ಪತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಿರುವುದರಿಂದ ಅಲ್ಲಿಂದ ಹೊರಡುವ ರಾಕೆಟ್ಟಿಗೆ ಗಾಳಿಯ ತಡೆ ಕಡಿಮೆ, ಎಂಜಿನ್ನಿನ ದಕ್ಷತೆ ಹೆಚ್ಚು. ಇಂತಹ ಉಬ್ಬಿಸಿ ನಿಲ್ಲಿಸುವ 20 ಕಿ.ಮೀ. ಗೋಪುರವೊಂದಕ್ಕೆ ಕೆನಡಾದ ಥಾತ್ ಟೆಕ್ನಾಲಜಿ ಸಂಸ್ಥೆ 2015ರಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆಯಿತು. ಆದರೆ ನೆಲದಿಂದ ಕಕ್ಷೆಗೆ ನಷ್ಟಗಳನ್ನೆಲ್ಲ ಸೇರಿಸಿ ರಾಕೆಟ್ ಗಳಿಸಬೇಕಾದ ವೇಗ ಸೆಕೆಂಡಿಗೆ ಸುಮಾರು 9.4 ಕಿ.ಮೀ.; ಗೋಪುರ ಉಳಿಸಿಕೊಡುವುದು ಅದರಲ್ಲಿ ಸಣ್ಣದೊಂದು ಚೂರನ್ನು.

ಆದ್ದರಿಂದ ಯಾವ ಮಹಾರಚನೆಯ ಪ್ರಸ್ತಾಪ ಬಂದರೂ ನಾನು ಕೇಳುವ ಪ್ರಶ್ನೆ ಒಂದೇ: ಇದು ಎತ್ತರವನ್ನು ಕೊಡುತ್ತದೆಯೋ, ವೇಗವನ್ನು ಕೊಡುತ್ತದೆಯೋ?

ಉತ್ತರ 2 – ತಂತುಶೋಧಕ

ಮೇಲಿನ ಉತ್ತರದ ಮಾನದಂಡವನ್ನೇ ಎಲಿವೇಟರಿಗೆ ಅನ್ವಯಿಸಿದರೆ ಅದು ತೇರ್ಗಡೆಯಾಗುತ್ತದೆ, ಏಕೆಂದರೆ ಅದರ ವೇಗಕ್ಕೆ ಭೂಮಿಯ ಆವರ್ತನೆಯೇ ಬಂಡವಾಳ. 1895ರಲ್ಲಿ ರಷ್ಯಾದ ಸಿಯೋಲ್ಕೋವ್‌ಸ್ಕಿ ಐಫೆಲ್ ಗೋಪುರದಿಂದ ಪ್ರೇರಿತರಾಗಿ ಭೂಸ್ಥಿರ ಕಕ್ಷೆಯವರೆಗೆ (ಅಲ್ಲಿನ ಉಪಗ್ರಹ ಭೂಮಿಯ ಆವರ್ತನೆಗೆ ಸರಿಯಾಗಿ ಸುತ್ತುತ್ತ ಒಂದೇ ಜಾಗದ ಮೇಲೆ ನಿಂತಂತಿರುತ್ತದೆ) ಏರುವ ಗೋಪುರವನ್ನು ಕಲ್ಪಿಸಿಕೊಂಡರು. ಕೆಳಗಿನಿಂದ ಕಟ್ಟುವ ಬದಲು ಮೇಲಿನಿಂದ ಇಳಿಬಿಡಬೇಕು ಎಂಬ ನಿರ್ಣಾಯಕ ತಿರುವನ್ನು ಕೊಟ್ಟವರು ಯೂರಿ ಅರ್ತ್ಸುತಾನೊವ್, 1960ರಲ್ಲಿ. ಅವರ ಬರಹ ರಷ್ಯನ್ ಪತ್ರಿಕೆಯೊಂದರಲ್ಲಿ ಬಂದದ್ದರಿಂದ ಹೊರಗಿನವರ ಗಮನಕ್ಕೆ ಅಷ್ಟಾಗಿ ಬರಲಿಲ್ಲ. ಅಮೆರಿಕದ ಜೆರೋಮ್ ಪಿಯರ್ಸನ್ 1975ರಲ್ಲಿ ಅದೇ ವಿಚಾರವನ್ನು ಸ್ವತಂತ್ರವಾಗಿ, ಪೂರ್ಣ ಗಣಿತದೊಂದಿಗೆ ಪ್ರಕಟಿಸಿದರು.

35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಿಂದ ಕೆಳಕ್ಕೊಂದು, ಮೇಲಕ್ಕೊಂದು ಹೀಗೆ ಎರಡೂ ದಿಕ್ಕಿಗೆ ಕೇಬಲನ್ನು ಬಿಡುತ್ತ ಹೋದರೆ ಕೆಳಗಿನ ಭಾಗವನ್ನು ಗುರುತ್ವ ಎಳೆಯುತ್ತದೆ, ಮೇಲಿನ ಭಾಗವನ್ನು ಕೇಂದ್ರಾಪಗಾಮಿ ಬಲ ಎಳೆಯುತ್ತದೆ. ನಡುವೆ ಕೇಬಲ್ ಬಿಗಿಯಾಗಿ ನಿಲ್ಲುತ್ತದೆ. ಇಲ್ಲಿ ನೆನಪಿಡಬೇಕಾದ ವಿಷಯವೆಂದರೆ, ಕೇಬಲ್ ಹತ್ತುವ ವಾಹನದಿಂದ 400 ಕಿ.ಮೀ. ಎತ್ತರದಲ್ಲಿ ಹೊರಬಿದ್ದ ವಸ್ತು ನೆಲಕ್ಕೇ ಬೀಳುತ್ತದೆ. ಸುಮಾರು 23,400 ಕಿ.ಮೀ. ದಾಟಿದ ಮೇಲೆ ಬಿಟ್ಟರೆ ಮಾತ್ರ ಅದು ವಾತಾವರಣಕ್ಕೆ ತಾಗದೆ ಕಕ್ಷೆಯಲ್ಲಿ ಸುತ್ತುತ್ತದೆ. ಸುಮಾರು 47,000 ಕಿ.ಮೀ. ದಾಟಿ ಬಿಟ್ಟರೆ ಭೂಮಿಯ ಹಿಡಿತದಿಂದಲೇ ತಪ್ಪಿಸಿಕೊಳ್ಳುತ್ತದೆ, ಅದೂ ಒಂದು ತೊಟ್ಟು ಇಂಧನವಿಲ್ಲದೆ.

ಅಡ್ಡಿ ಇರುವುದು ಕೇಬಲನ್ನು ಯಾವುದರಿಂದ ಮಾಡಬೇಕೋ ಆ ವಸ್ತುವಿನಲ್ಲಿ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎನ್ನುತ್ತಾರೆ. ಈ ಕೇಬಲಿಗಂತೂ ಹೊರೆಗಿಂತ ತನ್ನ ಭಾರವೇ ದೊಡ್ಡ ಭಾರ. ಒಂದೇ ದಪ್ಪದ ಕೇಬಲ್ ಆದರೆ, ಅದರಲ್ಲಿನ ಗರಿಷ್ಠ ಎಳೆತವು ನೆಲದ ಗುರುತ್ವದಲ್ಲಿ ತೂಗುಬಿಟ್ಟ ಸುಮಾರು 4,960 ಕಿ.ಮೀ. ಉದ್ದದ ಅದೇ ಕೇಬಲಿನ ತೂಕಕ್ಕೆ ಸಮ. ಕೆವ್ಲಾರ್ ಎಂಬ ಬಲವಾದ ಕೃತಕ ನಾರಿನ ಎಳೆ ತನ್ನ ತೂಕಕ್ಕೇ ಕಡಿದುಹೋಗದೆ ತೂಗಬಲ್ಲದ್ದು ಸುಮಾರು 250 ಕಿ.ಮೀ. ಮಾತ್ರ. ಎಳೆತ ಹೆಚ್ಚಿರುವಲ್ಲಿ ಕೇಬಲನ್ನು ದಪ್ಪ ಮಾಡಿ ಈ ಮಿತಿಯನ್ನು ದಾಟಬಹುದು, ಆದರೆ ದಪ್ಪ ಘಾತೀಯವಾಗಿ ಬೆಳೆಯುತ್ತದೆ: ನೆಲದಲ್ಲಿ ಒಂದು ಚದರ ಮಿಲಿಮೀಟರ್ ಇರುವ ಕೆವ್ಲಾರ್ ಎಳೆ ಭೂಸ್ಥಿರ ಕಕ್ಷೆಯ ಎತ್ತರದಲ್ಲಿ ಸುಮಾರು 250 ಚದರ ಮೀಟರ್, ಅಂದರೆ ದೊಡ್ಡ ಮನೆಯೊಂದರ ನೆಲದಷ್ಟು, ಅಗಲವಾಗಬೇಕಾಗುತ್ತದೆ. ಸುರಕ್ಷತೆಗೆಂದು ಬಿಡಬೇಕಾದ ಅಂತರವನ್ನು ಇದರಲ್ಲಿ ಸೇರಿಸಿಯೇ ಇಲ್ಲ.

1991ರಲ್ಲಿ ಸುಮಿಯೋ ಇಜಿಮಾ ಅವರ ಪ್ರಬಂಧ ಇಂಗಾಲದ ಪರಮಾಣುಗಳ ಅತಿಸೂಕ್ಷ್ಮ ಕೊಳವೆಗಳಾದ ಕಾರ್ಬನ್ ನ್ಯಾನೋಟ್ಯೂಬುಗಳತ್ತ ಜಗತ್ತಿನ ಗಮನ ಸೆಳೆದ ಮೇಲೆ ಈ ಕನಸಿಗೆ ಮತ್ತೆ ಜೀವ ಬಂತು. ಅವುಗಳ ಸೈದ್ಧಾಂತಿಕ ಬಲದಲ್ಲಿ ನೆಲದಿಂದ ಭೂಸ್ಥಿರ ಕಕ್ಷೆಗೆ ಕೇಬಲ್ ದಪ್ಪವಾಗಬೇಕಾದ ಪ್ರಮಾಣ (ಒಂದು ಚದರ ಮಿಲಿಮೀಟರ್ 250 ಚದರ ಮೀಟರ್ ಆಗುವುದೆಂದರೆ 25 ಕೋಟಿ ಪಟ್ಟು) ಎರಡು ಪಟ್ಟಿಗೆ ಇಳಿಯುತ್ತದೆ. ಬ್ರ್ಯಾಡ್ಲಿ ಎಡ್ವರ್ಡ್ಸ್ ನಾಸಾದ ಅನುದಾನದಲ್ಲಿ 2000ದ ಆಸುಪಾಸಿನಲ್ಲಿ 1,00,000 ಕಿ.ಮೀ. ಉದ್ದದ ಪಟ್ಟಿಯ ವಿನ್ಯಾಸ ಮಾಡಿದ್ದು, ಜಪಾನಿನ ಒಬಾಯಾಶಿ ನಿರ್ಮಾಣ ಸಂಸ್ಥೆ 2012ರಲ್ಲಿ 96,000 ಕಿ.ಮೀ. ಕೇಬಲನ್ನು 2050ರ ಹೊತ್ತಿಗೆ ನಿಲ್ಲಿಸುವ ಪರಿಕಲ್ಪನೆ ಮುಂದಿಟ್ಟದ್ದು ಇದೇ ಭರವಸೆಯ ಮೇಲೆ. 2018ರಲ್ಲಿ ಚೀನಾದ ಚಿಂಗ್‌ಹ್ವಾ ವಿಶ್ವವಿದ್ಯಾಲಯದ ತಂಡ 80 ಗಿಗಾಪಾಸ್ಕಲ್ ಮೀರಿದ ಬಲದ ನ್ಯಾನೋಟ್ಯೂಬ್ ಕಟ್ಟುಗಳನ್ನು ಮಾಡಿ ತೋರಿಸಿತು. ಬಲ ಸಾಕಷ್ಟಿದೆ, ಉದ್ದ ಮಾತ್ರ ಸೆಂಟಿಮೀಟರುಗಳ ಲೆಕ್ಕದಲ್ಲಿದೆ. ಸೆಂಟಿಮೀಟರಿನಿಂದ ಲಕ್ಷ ಕಿಲೋಮೀಟರಿಗೆ ಹೋಗುವಾಗ ಎಲ್ಲೋ ಒಂದು ಪರಮಾಣು ತಪ್ಪಿ ಕುಳಿತರೂ ಬಲ ಕುಸಿಯುತ್ತದೆ ಎಂಬುದು ನಮ್ಮಂಥವರ ನಿತ್ಯದ ತಲೆನೋವು.

ಉತ್ತರ 3 – ಸಂದೇಹಿ

ವಸ್ತು ಸಿಕ್ಕಿಬಿಟ್ಟರೆ ಎಲ್ಲವೂ ಸುಗಮ ಎಂಬ ಧ್ವನಿ ಮೇಲಿನ ಉತ್ತರದಲ್ಲಿರುವುದರಿಂದ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತಿದ್ದೇನೆ.

ಭೂಸ್ಥಿರ ಕಕ್ಷೆಗಿಂತ ಕೆಳಗೆ ಸುತ್ತುವ ಪ್ರತಿಯೊಂದು ಉಪಗ್ರಹವೂ, ಪ್ರತಿಯೊಂದು ಬಾಹ್ಯಾಕಾಶ ಕಸದ ಚೂರೂ ಭೂಮಧ್ಯರೇಖೆಯ ತಲವನ್ನು ದಾಟಲೇಬೇಕು, ಮತ್ತು ಕೇಬಲ್ ನಿಂತಿರುವುದು ಅದೇ ತಲದಲ್ಲಿ. ಕೇಬಲ್ ಭೂಮಿಯೊಂದಿಗೆ ನಿಧಾನವಾಗಿ ತಿರುಗುತ್ತಿದ್ದರೆ ಕೆಳ ಕಕ್ಷೆಯ ಚೂರು ಸೆಕೆಂಡಿಗೆ ಏಳು ಕಿ.ಮೀ.ಗೂ ಹೆಚ್ಚಿನ ಸಾಪೇಕ್ಷ ವೇಗದಲ್ಲಿ ಬಂದು ಬಡಿಯುತ್ತದೆ. ಇದು ಬರಿಯ ಊಹೆಯಲ್ಲ. 1994ರಲ್ಲಿ ಕಕ್ಷೆಯಲ್ಲಿ ಬಿಚ್ಚಿದ ಸೆಡ್ಸ್-2 ಎಂಬ 20 ಕಿ.ಮೀ. ಉದ್ದದ ತೆಳುವಾದ ಎಳೆ ನಾಲ್ಕೇ ದಿನಗಳ ಆಸುಪಾಸಿನಲ್ಲಿ ತುಂಡಾಯಿತು. 1996ರಲ್ಲಿ ಕೊಲಂಬಿಯಾ ನೌಕೆಯಿಂದ ಬಿಚ್ಚಿದ ತಂತಿ ಸುಮಾರು 19.7 ಕಿ.ಮೀ. ಹೊರಬಂದಿದ್ದಾಗ, ನಿರೋಧಕ ಹೊದಿಕೆಯ ದೋಷದಿಂದ ವಿದ್ಯುತ್ ಕಿಡಿ ಹಾರಿ, ಸುಟ್ಟು ಕಡಿದುಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ, ಅದೇ ವರ್ಷ ಹಾರಿಸಿದ ಟಿಪ್ಸ್ ಎಂಬ 4 ಕಿ.ಮೀ. ಹಗ್ಗ ಸುಮಾರು ಹತ್ತು ವರ್ಷ ಬಾಳಿತು. ಆದರೆ 4 ಕಿ.ಮೀ. ಎಲ್ಲಿ, 96,000 ಕಿ.ಮೀ. ಎಲ್ಲಿ?

ಇನ್ನು ಸಾಗಣೆಯ ಪ್ರಮಾಣ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹತ್ತಿದರೂ ಭೂಸ್ಥಿರ ಕಕ್ಷೆ ಮುಟ್ಟಲು ಏಳೂವರೆ ದಿನ ಬೇಕು, ಮತ್ತು ಆ ದಾರಿಯಲ್ಲಿ ಭೂಮಿಯನ್ನು ಸುತ್ತುವರಿದಿರುವ ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳನ್ನು ನಿಧಾನವಾಗಿ ಹಾದುಹೋಗಬೇಕಾದ್ದರಿಂದ ಮನುಷ್ಯರ ಪ್ರಯಾಣಕ್ಕೆ ದಪ್ಪನೆಯ ರಕ್ಷಾಕವಚ ಅನಿವಾರ್ಯ. ಒಂದು ವಾಹನ ಸುಮಾರು 6,400 ಕಿ.ಮೀ. ಏರಿ ಅದರ ತೂಕ ಕಾಲು ಭಾಗಕ್ಕೆ ಇಳಿಯುವವರೆಗೆ ಮುಂದಿನದನ್ನು ಹತ್ತಿಸಬಾರದು ಎಂದುಕೊಂಡರೆ, ಅದಕ್ಕೇ 32 ಗಂಟೆ ಬೇಕು. ಇಡೀ ಜಗತ್ತಿನ ಸಾಗಣೆ ಒಂದೇ ದಾರದ ಮೇಲೆ, ದಿನಕ್ಕೆ ಒಂದಕ್ಕಿಂತ ಕಡಿಮೆ ವಾಹನ! ಅಗ್ಗವಾಗಬೇಕಾದರೆ ಸಾಗಣೆ ಹೆಚ್ಚಬೇಕು, ಸಾಗಣೆ ಹೆಚ್ಚಬೇಕಾದರೆ ಕೇಬಲ್ ದಪ್ಪವಾಗಬೇಕು. 2015ರಿಂದೀಚೆಗೆ ರಾಕೆಟ್ಟಿನ ಮೊದಲ ಹಂತ ಮರಳಿ ಬಂದು ಇಳಿಯುವುದು ವಾಡಿಕೆಯಾಗಿರುವುದರಿಂದ ಕೇಬಲ್ ಸ್ಪರ್ಧಿಸಬೇಕಾದ ದರವೂ ಇಳಿಯುತ್ತಲೇ ಇದೆ.

ಮರುಪ್ರಶ್ನೆ – ಕುತೂಹಲಿ

ಮೂವರಿಗೂ ಕೃತಜ್ಞತೆಗಳು. ಎತ್ತರ ಮತ್ತು ವೇಗದ ವ್ಯತ್ಯಾಸ ಈಗ ಸ್ಪಷ್ಟವಾಯಿತು. ಹಾಗಾದರೆ ಹೊಸ ವಸ್ತುವಿಗೆ ಕಾಯದೆ, ಈಗಿರುವ ಉಕ್ಕು, ಕೆವ್ಲಾರ್, ವಿದ್ಯುತ್ಕಾಂತಗಳಿಂದಲೇ ವೇಗವನ್ನು ಕೊಡಬಲ್ಲ ರಚನೆಗಳು ಇವೆಯೇ?

ಉತ್ತರ 4 – ಚಲನಶಿಲ್ಪಿ

ಇವೆ, ಮತ್ತು ಅವುಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಇವುಗಳ ತತ್ತ್ವ ಬೇರೆ. ಇವು ವಸ್ತುವಿನ ಗಟ್ಟಿತನದಿಂದ ನಿಲ್ಲುವುದಿಲ್ಲ, ಚಲನೆಯಿಂದ ನಿಲ್ಲುತ್ತವೆ. ಮೇಲ್ಮುಖವಾಗಿ ಚಿಮ್ಮುವ ನೀರಿನ ಧಾರೆಯ ಮೇಲೆ ಚೆಂಡು ತೇಲುವುದನ್ನು ನೆನಪಿಸಿಕೊಳ್ಳಿ.

ಕೀತ್ ಲಾಫ್‌ಸ್ಟ್ರಮ್ 1980ರ ದಶಕದಲ್ಲಿ ವಿವರಿಸಿದ ಲಾಂಚ್ ಲೂಪಿನಲ್ಲಿ ಒಂದು ಕಬ್ಬಿಣದ ಪಟ್ಟಿ ನಿರ್ವಾತ ಕೊಳವೆಯೊಳಗೆ ಸೆಕೆಂಡಿಗೆ 14 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದು ಹೊರಕ್ಕೆ ಬಾಗಲು ಮಾಡುವ ಒತ್ತಾಯವೇ ಸುಮಾರು 2,000 ಕಿ.ಮೀ. ಉದ್ದದ ಹಳಿಯನ್ನು 80 ಕಿ.ಮೀ. ಎತ್ತರಕ್ಕೆ ಎತ್ತಿ ಹಿಡಿಯುತ್ತದೆ. ಆ ಹಳಿಯ ಮೇಲೆ ವಾಹನ ಕಾಂತೀಯವಾಗಿ ತೇಲುತ್ತ ವೇಗ ಪಡೆಯುತ್ತದೆ. ಮನುಷ್ಯರು ತಾಳಿಕೊಳ್ಳಬಲ್ಲ 3 ಜಿ (ನೆಲದ ಗುರುತ್ವದ ಮೂರು ಪಟ್ಟು) ವೇಗೋತ್ಕರ್ಷದಲ್ಲಿ ಸೆಕೆಂಡಿಗೆ 7.8 ಕಿ.ಮೀ. ಮುಟ್ಟಲು ಬೇಕಾದ ಹಳಿಯ ಉದ್ದ ಸುಮಾರು 1,030 ಕಿ.ಮೀ., ಕಾಲ ನಾಲ್ಕೂವರೆ ನಿಮಿಷ. ಇಷ್ಟು ಉದ್ದ ಏಕೆ ಎಂಬುದಕ್ಕೆ ಉತ್ತರ ಮನುಷ್ಯನ ದೇಹದಲ್ಲಿದೆಯೇ ಹೊರತು ಎಂಜಿನಿಯರುಗಳ ಆಡಂಬರದಲ್ಲಿಲ್ಲ. ಸರಕನ್ನು ಮಾತ್ರ 30 ಜಿ ಯಲ್ಲಿ ಕಳಿಸುವುದಾದರೆ ನೂರು ಕಿ.ಮೀ. ಸಾಕು.

ಪಾಲ್ ಬರ್ಚ್ 1982ರಲ್ಲಿ ಮುಂದಿಟ್ಟ ಕಕ್ಷಾ ಉಂಗುರ ಇದಕ್ಕಿಂತಲೂ ದೊಡ್ಡದು. ಕೆಲವು ನೂರು ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಪೂರ್ತಿ ಸುತ್ತುವರಿದ ಲೋಹದ ಉಂಗುರವೊಂದು ಕಕ್ಷೆಯ ವೇಗಕ್ಕಿಂತ ತುಸು ಹೆಚ್ಚಾಗಿ ಓಡುತ್ತಿದ್ದರೆ, ಅದರ ಮೇಲೆ ಕಾಂತೀಯವಾಗಿ ಕುಳಿತ ವೇದಿಕೆಗಳು ನೆಲಕ್ಕೆ ಹೋಲಿಸಿದರೆ ನಿಶ್ಚಲವಾಗಿ ನಿಲ್ಲುತ್ತವೆ. ಅಲ್ಲಿಂದ ಇಳಿಬಿಡಬೇಕಾದ ಕೇಬಲಿನ ಉದ್ದ 300 ಕಿ.ಮೀ. ಮಾತ್ರ ಆದ್ದರಿಂದ ಸ್ವಲ್ಪ ಅಗಲ ಹೆಚ್ಚಿಸುತ್ತ ಹೋದರೆ ಕೆವ್ಲಾರ್ ಸಾಕು. ಮೇಲೆ ಏರಲು ವಾರ ಬೇಡ, ಒಂದೆರಡು ಗಂಟೆ. ವೇಗವನ್ನು ಉಂಗುರದ ಮೇಲಿನ ಹಳಿಯೇ ಕೊಡುತ್ತದೆ.

ತೊಂದರೆ ಇಲ್ಲವೇ ಎಂದರೆ, ಇದೆ. ಸೆಕೆಂಡಿಗೆ 14 ಕಿ.ಮೀ. ಓಡುವ ಒಂದು ಕಿಲೋ ಕಬ್ಬಿಣದಲ್ಲಿ 98 ಮೆಗಾಜೂಲ್ ಚಲನಶಕ್ತಿ ಇರುತ್ತದೆ, ಎಂದರೆ ಅಷ್ಟೇ ತೂಕದ ಟಿಎನ್‌ಟಿ ಸ್ಫೋಟಕದ ಇಪ್ಪತ್ತಕ್ಕೂ ಹೆಚ್ಚು ಪಟ್ಟು. ಇಂತಹ ಸಾವಿರಾರು ಟನ್ ಕಬ್ಬಿಣವನ್ನು ಒಂದು ಕ್ಷಣವೂ ವಿದ್ಯುತ್ ನಿಯಂತ್ರಣ ತಪ್ಪದಂತೆ ದಶಕಗಳ ಕಾಲ ಓಡಿಸಬೇಕು. ಅರ್ಧ ಉಂಗುರ ಕಟ್ಟಿ ಅರ್ಧ ಲಾಭ ಪಡೆಯುವಂತೆಯೂ ಇಲ್ಲ, ಮುಗಿಯುವವರೆಗೆ ಅದು ಏನೂ ಅಲ್ಲ.

ಉತ್ತರ 5 – ಕಕ್ಷಾಪಥಿಕ

ಹಿಂದಿನ ಉತ್ತರದ ಕೊನೆಯ ವಾಕ್ಯವೇ ನನಗೆ ಮುಖ್ಯವೆನಿಸುತ್ತದೆ, ಆದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಮೊದಲ ತುಂಡಿನಿಂದಲೇ ಉಪಯೋಗಕ್ಕೆ ಬರುವ ರಚನೆ ಬೇಕು. ಹ್ಯಾನ್ಸ್ ಮೊರಾವೆಕ್ 1977ರಲ್ಲಿ ವಿಶ್ಲೇಷಿಸಿದ ತಿರುಗುವ ಹಗ್ಗ, ಅಂದರೆ ಸ್ಕೈಹುಕ್, ಅಂಥದ್ದು. ಕಕ್ಷೆಯಲ್ಲಿ ಸುತ್ತುತ್ತಲೇ ಗಾಲಿಯ ಕಡ್ಡಿಯಂತೆ ತಿರುಗುವ ಈ ಹಗ್ಗದ ಕೆಳತುದಿ, ಬುಡಕ್ಕೆ ಬಂದಾಗ ಹಿಮ್ಮುಖವಾಗಿ ಚಲಿಸುವುದರಿಂದ ನೆಲಕ್ಕೆ ಹೋಲಿಸಿದ ಅದರ ವೇಗ ತಗ್ಗುತ್ತದೆ. ರಾಕೆಟ್ ಅಷ್ಟು ವೇಗ ಮುಟ್ಟಿ ಕೊಂಡಿಗೆ ಸಿಕ್ಕಿಕೊಂಡರೆ ಸಾಕು. 2000ದ ಆಸುಪಾಸಿನಲ್ಲಿ ಬೋಯಿಂಗ್ ಸಂಸ್ಥೆ ನಾಸಾದ ಅನುದಾನದಲ್ಲಿ, ಶಬ್ದದ ಹತ್ತು ಪಟ್ಟು ವೇಗದ ವಿಮಾನದಿಂದ ಸರಕನ್ನು ಎತ್ತಿಕೊಳ್ಳುವ ಸುಮಾರು 600 ಕಿ.ಮೀ. ಉದ್ದದ ಹಗ್ಗವನ್ನು ಅಧ್ಯಯನ ಮಾಡಿತ್ತು.

ಲಾಭ ಎಷ್ಟು? ರಾಕೆಟ್ಟಿನ ಅನಿಲ ಸೆಕೆಂಡಿಗೆ 3.5 ಕಿ.ಮೀ. ವೇಗದಲ್ಲಿ ಹೊರಬರುತ್ತದೆ ಎಂದುಕೊಳ್ಳಿ. 9.4 ಕಿ.ಮೀ. ವೇಗ ಗಳಿಸಲು ಹೊರಡುವಾಗಿನ ತೂಕ ಕೊನೆಯ ತೂಕದ ಸುಮಾರು 15 ಪಟ್ಟು ಇರಬೇಕು. ಹಗ್ಗ ಅದರಲ್ಲಿ 3 ಕಿ.ಮೀ. ಕಡಿಮೆ ಮಾಡಿದರೂ ಸಾಕು, 15 ಇದ್ದದ್ದು 6ಕ್ಕೆ ಇಳಿಯುತ್ತದೆ.

ಇನ್ನೊಂದು ದಾರಿ ಎಂದರೆ ಈ ರಚನೆಗಳನ್ನು ಮೊದಲು ಚಂದ್ರನಲ್ಲಿ ಕಟ್ಟುವುದು. ಅಲ್ಲಿ ಗಾಳಿ ಇಲ್ಲ, ವಿಮೋಚನಾ ವೇಗ, ಅಂದರೆ ಅದರ ಗುರುತ್ವದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ, ಸೆಕೆಂಡಿಗೆ 2.38 ಕಿ.ಮೀ. ಮಾತ್ರ. ಜೆರಾರ್ಡ್ ಓ'ನೀಲ್ 1970ರ ದಶಕದಲ್ಲಿ ಪ್ರತಿಪಾದಿಸಿದ ಮಾಸ್ ಡ್ರೈವರ್, ಅಂದರೆ ವಿದ್ಯುತ್ಕಾಂತೀಯ ಎಸೆಹಳಿ, 100 ಜಿ ಯಲ್ಲಿ ಕೆಲಸ ಮಾಡಿದರೆ ಮೂರು ಕಿ.ಮೀ. ಉದ್ದದೊಳಗೇ ಮುಗಿಯುತ್ತದೆ.

ಉತ್ತರ 6 – ಸಂದೇಹಿ

ಸ್ಕೈಹುಕ್ ಬಗ್ಗೆ ಒಂದು ತಿದ್ದುಪಡಿ. ಹಗ್ಗ ಸರಕಿಗೆ ಕೊಡುವ ವೇಗ ಪುಕ್ಕಟೆಯಲ್ಲ, ಅದು ತನ್ನದೇ ಸಂವೇಗದಿಂದ ತೆಗೆದುಕೊಟ್ಟದ್ದು. ಪ್ರತಿ ಸಲ ಎತ್ತಿದಾಗಲೂ ಹಗ್ಗದ ಕಕ್ಷೆ ಸ್ವಲ್ಪ ಕುಸಿಯುತ್ತದೆ. ಆ ಸಾಲವನ್ನು ವಿದ್ಯುತ್ತಿನಿಂದ ಕಣಗಳನ್ನು ಚಿಮ್ಮಿಸಿ ನೂಕುವ ಅಯಾನು ಎಂಜಿನ್ನಿನಿಂದ ನಿಧಾನವಾಗಿ ತೀರಿಸಬಹುದು, ಇಲ್ಲವೇ ಮೇಲಿನಿಂದ ಅಷ್ಟೇ ತೂಕದ ಸರಕನ್ನು ಕೆಳಗಿಳಿಸಿ ತೀರಿಸಬಹುದು. ಎರಡನೆಯ ದಾರಿಗೆ ಮೇಲಿನಿಂದ ತರುವಂಥ ಸರಕು ಏನಾದರೂ ಇರಬೇಕು, ಮತ್ತು ಚಂದ್ರನ ಎಸೆಹಳಿ ಕೆಲಸಕ್ಕೆ ಬರುವುದು ಅಲ್ಲಿಯೇ. ಅಷ್ಟರಮಟ್ಟಿಗೆ ಹಿಂದಿನ ಉತ್ತರದ ಎರಡು ಸಲಹೆಗಳು ಒಂದಕ್ಕೊಂದು ಪೂರಕವಾಗಿವೆ ಎಂದು ಒಪ್ಪುತ್ತೇನೆ.